ಮೂಗಿನಲ್ಲಿ 330 ಗ್ರಾಂ ಸೀಸ: ಒಂದು ಬೈಪ್ಲೇನ್, ಎರಡು ಎಂಜಿನ್

ರೇಡಿಯೋ ಕಂಟ್ರೋಲ್ ವಿಮಾನ ಹಾರಿಸುವವರಲ್ಲಿ ತುಂಬ ಜನ ಒಂದಲ್ಲ ಒಂದು ದಿನ ಬೈಪ್ಲೇನಿಗೆ ಮನಸೋಲುತ್ತಾರೆ. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಕಂಬಿಗಳು, ಗುಂಡನೆಯ ಮೂಗು. ನೋಡಿದ ಕೂಡಲೇ ಬೇಕು ಅನ್ನಿಸುತ್ತದೆ. ಹಾಗೆ ಮನಸೋತ ಒಬ್ಬರ ಪ್ರಕರಣ ಇದು. ಅವರನ್ನು ಇಲ್ಲಿ 'ಸ' ಅವರು ಎಂದಷ್ಟೇ ಕರೆಯುತ್ತೇನೆ. ವಿಮಾನ ಮತ್ತು ಎಂಜಿನ್ ಮಾಡಿದ ಕಂಪನಿಗಳ ಹೆಸರು ಹೇಳುವುದಿಲ್ಲ. ಇಲ್ಲಿ ನಡೆದದ್ದಕ್ಕೆ ಕಾರಣ ಆ ಕಂಪನಿಗಳಲ್ಲ, ನಾವು ಮಾಡಿದ ಆಯ್ಕೆ. 'ನಾವು' ಅಂತ ಬೇಕೆಂದೇ ಬರೆದಿದ್ದೇನೆ. ಸಲಹೆ ಕೊಡಲು ಪಕ್ಕದಲ್ಲಿದ್ದವನು ನಾನು. ಮೊದಲ ತಪ್ಪಿಗೆ ನಾನೂ ಹೂಂ ಅಂದಿದ್ದೆ.

ಹಿನ್ನೆಲೆ

ಸ ಅವರು ನಾಲ್ಕು ವರ್ಷದಿಂದ ಹಾರಿಸುತ್ತಿದ್ದರು. ಟ್ರೈನರ್ ಮುಗಿಸಿ, ಕೆಳರೆಕ್ಕೆಯ ಸ್ಪೋರ್ಟ್ ವಿಮಾನಕ್ಕೆ ಬಂದು ಎರಡು ವರ್ಷವಾಗಿತ್ತು. ಲೂಪ್, ರೋಲ್, ಸ್ಟಾಲ್ ಟರ್ನ್, ತಲೆಕೆಳಗಾದ ಹಾರಾಟ ಎಲ್ಲ ಕೈಗೆ ಹತ್ತಿದ್ದವು. ಆ ವಿಮಾನದಲ್ಲಿದ್ದದ್ದು 15 ಸಿಸಿಯ ಟೂ ಸ್ಟ್ರೋಕ್ ಗ್ಲೋ ಎಂಜಿನ್, ಅಂದರೆ ಕಿಡಿಯ ಬದಲು ಕಾದ ಪ್ಲಗ್‌ನಿಂದ ಇಂಧನ ಹೊತ್ತಿಸುವ ಬಗೆ. ಚೆನ್ನಾಗಿ ಪಳಗಿದ ಎಂಜಿನ್ ಅದು. ಎರಡು ವರ್ಷದಲ್ಲಿ ಗಾಳಿಯಲ್ಲಿ ನಿಂತುಹೋದದ್ದು ಎರಡೋ ಮೂರೋ ಸಲ, ಅಷ್ಟೇ.

ಅವರ ಮನಸ್ಸಲ್ಲಿದ್ದದ್ದು ಪಿಟ್ಸ್ ಸ್ಪೆಷಲ್. ಅಮೆರಿಕದ ಕರ್ಟಿಸ್ ಪಿಟ್ಸ್ ರೂಪಿಸಿದ ಈ ಪುಟ್ಟ ವಿಮಾನ ಮೊದಲು ಹಾರಿದ್ದು 1944ರಲ್ಲಿ. ಬೆಟ್ಟಿ ಸ್ಕೆಲ್ಟನ್ ಇಂಥದೇ ಒಂದು ಪಿಟ್ಸ್ ಹಾರಿಸುತ್ತಿದ್ದರು, ಅದಕ್ಕೆ 'ಲಿಟಲ್ ಸ್ಟಿಂಕರ್' ಅಂತ ಹೆಸರು. 1948, 49, 50ರಲ್ಲಿ ಸತತವಾಗಿ ಅಮೆರಿಕದ ಮಹಿಳಾ ಏರೋಬ್ಯಾಟಿಕ್ ಚಾಂಪಿಯನ್ ಆದವರು ಅವರು. ಆ ಕೆಂಪು-ಬಿಳಿ ವಿಮಾನ ಇವತ್ತು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಸ ಅವರ ಫೋನಿನ ಪರದೆಯಲ್ಲಿ ತಿಂಗಳುಗಟ್ಟಲೆ ಇದ್ದದ್ದು ಅದೇ ಚಿತ್ರ.

ಕಟ್ಟಿಗೆ ಕತ್ತರಿಸಿ ಮೊದಲಿಂದ ಕಟ್ಟುವಷ್ಟು ಸಮಯ ಅವರಿಗಿರಲಿಲ್ಲ. ಹಾಗಾಗಿ ಎಆರ್‌ಎಫ್, ಅಂದರೆ ಬಹುಪಾಲು ಕಟ್ಟಿ, ಹೊದಿಕೆ ಹಾಕಿ ಪೆಟ್ಟಿಗೆಯಲ್ಲಿ ಬರುವ ವಿಮಾನವೇ ಆಗಬೇಕಿತ್ತು. ಮೂರು ವಿಮಾನ ನೋಡಿದೆವು. ಒಂದು 10 ಸಿಸಿಯ ಚಿಕ್ಕ ಪಿಟ್ಸ್. ಸಾಗಿಸಲು ಸುಲಭ, ಆದರೆ ಸ್ವಲ್ಪ ಗಾಳಿ ಬೀಸಿದರೂ ಎಗರಾಡುವ ಜಾತಿ. ಇನ್ನೊಂದು ಅಲ್ಟಿಮೇಟ್ ಎಂಬ ಬೈಪ್ಲೇನಿನ ಮಾದರಿ. ಅದರ ಬಾಲ ಸ್ವಲ್ಪ ಉದ್ದ, ಮೂಗೂ ಉದ್ದ. ನಿಜ ಹೇಳಬೇಕೆಂದರೆ ಬೈಪ್ಲೇನ್ ಹೊಸದಾಗಿ ಶುರು ಮಾಡುವವರಿಗೆ ಅದೇ ವಾಸಿ. ಮೂರನೆಯದು 1.4 ಮೀಟರ್ ರೆಕ್ಕೆಯ ಪಿಟ್ಸ್. ಅಳತೆ ಸರಿಯಾಗಿತ್ತು, ಬಣ್ಣವೂ ಕೆಂಪು-ಬಿಳಿ. ಅವರ ಕಣ್ಣು ಅಲ್ಲೇ ನಿಂತಿತು. ನಾನು ಜಾಸ್ತಿ ವಾದ ಮಾಡಲಿಲ್ಲ. ಹವ್ಯಾಸದಲ್ಲಿ ಇಷ್ಟಪಟ್ಟ ವಿಮಾನಕ್ಕೆ ಜನ ಕೊಡುವ ಗಮನವನ್ನು ಲೆಕ್ಕ ಹಾಕಿ ಕೊಂಡ ವಿಮಾನಕ್ಕೆ ಕೊಡುವುದಿಲ್ಲ. ಆ ನಿರ್ಧಾರ ತಪ್ಪು ಅಂತ ಇವತ್ತಿಗೂ ನನಗನ್ನಿಸಿಲ್ಲ.

ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಕೈಪಿಡಿಯಲ್ಲಿ ಮೂರು ಎಂಜಿನ್ ಸೂಚಿಸಿದ್ದರು: 15 ಸಿಸಿ ಟೂ ಸ್ಟ್ರೋಕ್ ಗ್ಲೋ, 20 ಸಿಸಿ ಫೋರ್ ಸ್ಟ್ರೋಕ್ ಗ್ಲೋ, 20 ಸಿಸಿ ಪೆಟ್ರೋಲ್. "ಸರ್, 15 ಸಿಸಿ ನನ್ನ ಹತ್ರ ಇದೆಯಲ್ವಾ, ಅದನ್ನೇ ಹಾಕೋಣ. ಹೊಸದು ಯಾಕೆ ಸುಮ್ನೆ?" ಅಂದರು ಸ ಅವರು. ಎಂಜಿನ್ ಪಟ್ಟಿಯಲ್ಲಿತ್ತು, ನಂಬಿಕೆಯದಾಗಿತ್ತು, ಕೈಯಲ್ಲೇ ಇತ್ತು. ನಾನೂ ಸರಿ ಅಂದೆ.

ಮೇಜಿನ ಮೇಲೆ ಸಿಕ್ಕ ಮೊದಲ ಸೂಚನೆ

ಜೋಡಣೆ ಹತ್ತು ಸಂಜೆಗಳಲ್ಲಿ ಮುಗಿಯಿತು. ಕೊನೆಯ ಸಂಜೆ ಸಿಜಿ, ಅಂದರೆ ವಿಮಾನದ ತೂಕದ ಮಧ್ಯಬಿಂದು ನೋಡಲು ಕೂತೆವು. ಮೇಲಿನ ರೆಕ್ಕೆಯ ಅಡಿಯಲ್ಲಿ ಕೈಪಿಡಿ ಹೇಳಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಇಬ್ಬರೂ ಒಂದೊಂದು ಬದಿ ಬೆರಳ ತುದಿಯಲ್ಲಿ ಎತ್ತಿದೆವು. ಬಾಲ ಮೆಲ್ಲಗೆ ಇಳಿಯಲಿಲ್ಲ, ಧಡ್ ಅಂತ ಮೇಜಿಗೆ ಬಡಿಯಿತು.

ಅಳೆದು ನೋಡಿದಾಗ ತೂಕದ ಮಧ್ಯಬಿಂದು ಇರಬೇಕಾದ ಜಾಗಕ್ಕಿಂತ 22 ಮಿಲಿಮೀಟರ್ ಹಿಂದಿತ್ತು. ವಿಮಾನದ ತೂಕ 4.1 ಕಿಲೋ. ಸೀಸ ಕಟ್ಟಲು ಮುಂದೆ ಸಿಗುವ ಜಾಗ ಎಂಜಿನ್ ಮೌಂಟ್, ಅಂದರೆ ಸಿಜಿಯಿಂದ 270 ಮಿಲಿಮೀಟರ್ ಮುಂದೆ. 4,100 ಗ್ರಾಂ ಅನ್ನು 22ರಿಂದ ಗುಣಿಸಿ 270ರಿಂದ ಭಾಗಿಸಿದರೆ ಸುಮಾರು 334 ಬರುತ್ತದೆ. ಸೀಸದ ಪಟ್ಟಿ ಕತ್ತರಿಸಿ ಮೌಂಟಿನ ಎರಡೂ ಪಕ್ಕಕ್ಕೆ ಸ್ಕ್ರೂ ಹಾಕಿ ಕೂರಿಸಿದೆವು, ಒಟ್ಟು 330 ಗ್ರಾಂ.

ಪಿಟ್ಸ್ ಮಾದರಿಗಳಲ್ಲಿ ಇದು ಹೊಸದೇನಲ್ಲ. ಮೂಗು ಗಿಡ್ಡ, ಹಾಗಾಗಿ ಎಂಜಿನ್ನಿನ ತೂಕಕ್ಕೆ ಸನ್ನೆಯ ಬಲ ಕಡಿಮೆ. ಬಾಲದ ಒಂದೊಂದು ಗ್ರಾಂಗೂ ಮೂಗಿನಲ್ಲಿ ಎರಡು ಮೂರು ಗ್ರಾಂ ಕೇಳುತ್ತದೆ. ನಾವು ಅಲ್ಲೇ ನಿಲ್ಲಬೇಕಿತ್ತು. ಪಟ್ಟಿಯಲ್ಲಿದ್ದ ಪೆಟ್ರೋಲ್ ಎಂಜಿನ್ ನಮ್ಮದಕ್ಕಿಂತ ಎಷ್ಟು ಭಾರ ಅಂತ ನೋಡಿದ್ದರೆ ಉತ್ತರ ಸಿಗುತ್ತಿತ್ತು. ನಾವು ನೋಡಲಿಲ್ಲ. ವಿಮಾನ ಸಿದ್ಧವಾಗಿ ಎದುರಿಗೆ ನಿಂತಿರುವಾಗ ಎಂಜಿನ್ ಬಿಚ್ಚೋಣ ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ, ಅಲ್ವಾ?

ಐದು ಹಾರಾಟ

ಮೊದಲ ಹಾರಾಟ ಚೆನ್ನಾಗಿಯೇ ಆಯಿತು. ಟೇಕಾಫ್ ಓಟ ಸ್ವಲ್ಪ ಉದ್ದ. ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ತುಂಬ ಚುರುಕು. ರೋಲ್ ಕಣ್ಣಿಗೆ ಹಬ್ಬ. ಆದರೆ ನೇರ ಮೇಲಕ್ಕೆ ಏರಿಸಿದರೆ ಮೂವತ್ತು ಮೀಟರ್ ಹೋಗುವಷ್ಟರಲ್ಲಿ ಉಸಿರು ನಿಲ್ಲುತ್ತಿತ್ತು. ಲೂಪಿಗೆ ಮೊದಲು ಮೂಗು ತಗ್ಗಿಸಿ ವೇಗ ಕೂಡಿಸಬೇಕಿತ್ತು. ಇದೇ ಎಂಜಿನ್ ಹಳೆಯ ವಿಮಾನವನ್ನು ಆರಾಮಾಗಿ ಎಳೆದಿತ್ತಲ್ಲ, ಇಲ್ಲೇನಾಯಿತು ಅಂತ ಸ ಅವರಿಗೆ ಗೊಂದಲ.

ಕಾರಣ ಆ ಗುಂಡು ಮೂಗೇ. ಎಂಜಿನ್ ಮುಚ್ಚುವ ಕವಚದ, ಅಂದರೆ ಕೌಲಿಂಗಿನ ವ್ಯಾಸ 23 ಸೆಂಟಿಮೀಟರ್. ನಮ್ಮ ಪ್ರೊಪೆಲ್ಲರ್ 14 ಇಂಚು, ಅಂದರೆ 35.5 ಸೆಂಟಿಮೀಟರ್. ಪ್ರೊಪೆಲ್ಲರ್ ಸುತ್ತುವ ವೃತ್ತದ ವಿಸ್ತೀರ್ಣ ಸುಮಾರು 990 ಚದರ ಸೆಂಟಿಮೀಟರ್. ಅದರಲ್ಲಿ 415ರಷ್ಟು ಕೌಲಿಂಗಿನ ಎದುರಿಗೇ ಹೋಗುತ್ತದೆ. ಹಿಂದಕ್ಕೆ ಸರಾಗವಾಗಿ ಗಾಳಿ ತಳ್ಳಲು ಉಳಿಯುವುದು ಸುಮಾರು 580. ಅದೇ 16 ಇಂಚಿನ ಪ್ರೊಪೆಲ್ಲರ್ ಆದರೆ ಈ ಉಳಿಕೆ 880 ಆಗುತ್ತದೆ, ಒಂದೂವರೆ ಪಟ್ಟು. ಎರಡು ಇಂಚಿನ ವ್ಯತ್ಯಾಸ ಅಂತ ಕೇಳಿದರೆ ಏನೂ ಅನ್ನಿಸುವುದಿಲ್ಲ. ಗುಂಡು ಮೂಗಿನ ವಿಮಾನದಲ್ಲಿ ಅದೇ ಎಲ್ಲ. ನಮ್ಮ 15 ಸಿಸಿ ಎಂಜಿನ್ ಜೋರಾಗಿ ತಿರುಗಿ ಶಕ್ತಿ ಕೊಡುವಂಥದ್ದು, ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವಂಥದ್ದಲ್ಲ. ಸ್ಪೋರ್ಟ್ ವಿಮಾನದ ಚೂಪು ಮೂಗಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಇಲ್ಲಿ ಅಲ್ಲ.

ಎರಡನೇ ಮತ್ತು ಮೂರನೇ ಹಾರಾಟದಲ್ಲಿ ಇನ್ನೊಂದು ವಿಷಯ ಕಂಡಿತು. ನೆಲದ ಮೇಲೆ ಸ್ಥಿರವಾಗಿ ಐಡಲ್ ಆಗುತ್ತಿದ್ದ (ಅತಿ ನಿಧಾನವಾಗಿ ಓಡುತ್ತಿದ್ದ) ಎಂಜಿನ್, ಇಳಿಯಲು ಮೂಗು ತಗ್ಗಿಸಿದಾಗ ಗೊಗ್ಗರು ದನಿಯಲ್ಲಿ ತಡವರಿಸುತ್ತಿತ್ತು. ಪ್ಲಗ್ ಹಳೆಯದಾಗಿರಬೇಕು ಅಂದುಕೊಂಡು ಬದಲಾಯಿಸಿದೆವು. ನಾಲ್ಕನೇ ಹಾರಾಟ ಸರಿಹೋಯಿತು. ಪ್ಲಗ್ಗೇ ಕಾರಣ ಅಂತ ನಂಬಿದೆವು.

ಐದನೆಯದರಲ್ಲಿ ಕೊನೆಯ ತಿರುವು ಮುಗಿಸಿ ಮೂಗು ತಗ್ಗಿಸಿದ ಕೂಡಲೇ ಎಂಜಿನ್ ನಿಂತಿತು. ಹಳೆಯ ವಿಮಾನವಾಗಿದ್ದರೆ ಅಲ್ಲಿಂದ ತೇಲಿಕೊಂಡು ರನ್‌ವೇ ಮಧ್ಯಕ್ಕೆ ಬರುತ್ತಿತ್ತು. ಬೈಪ್ಲೇನ್ ತೇಲುವುದಿಲ್ಲ. ಎರಡು ರೆಕ್ಕೆ, ನಡುವಿನ ಕಂಬಿಗಳು, ಅಗಲ ಮೂಗು, ದಪ್ಪ ಚಕ್ರದ ಕವಚ ಎಲ್ಲ ಸೇರಿ ಗಾಳಿಯನ್ನು ಹಿಡಿದು ನಿಲ್ಲಿಸುತ್ತವೆ. ಎಳೆಯುವ ಶಕ್ತಿ ನಿಂತರೆ ವೇಗ ಕ್ಷಣದಲ್ಲಿ ಸತ್ತುಹೋಗುತ್ತದೆ. ವೇಗ ಉಳಿಸಲು ಮೂಗನ್ನು ಇನ್ನೂ ತಗ್ಗಿಸಬೇಕು. ಕೈ ಮಾತ್ರ ಅಭ್ಯಾಸಬಲದಿಂದ ಮೂಗು ಎತ್ತಲು ಎಲಿವೇಟರ್ ಎಳೆಯುತ್ತದೆ. ಸ ಅವರ ಕೈಯೂ ಎಳೆಯಿತು. ಎರಡು ಮೀಟರ್ ಎತ್ತರದಲ್ಲಿ ಎಡರೆಕ್ಕೆ ತಟ್ಟನೆ ವಾಲಿತು. ಲ್ಯಾಂಡಿಂಗ್ ಗೇರ್ ಕೂರಿಸಿದ್ದ ಪ್ಲೈವುಡ್ ತುಂಡು ಬುಡಸಮೇತ ಕಿತ್ತು ಬಂತು. ಪ್ರೊಪೆಲ್ಲರ್ ಮುರಿಯಿತು, ಕೌಲಿಂಗ್ ಬಿರುಕು ಬಿಟ್ಟಿತು, ಕೆಳರೆಕ್ಕೆಯ ತುದಿ ಜಜ್ಜಿತು.

ಕಿತ್ತು ಬಂದ ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಅಂಚಿನಲ್ಲಿ ಮಾತ್ರ ಗೋಂದಿನ ಗೆರೆ ಇತ್ತು, ಉಳಿದ ಕಡೆ ಮರ ಒಣಗಿ ಬಿಳಿಯಾಗಿತ್ತು. ಎಆರ್‌ಎಫ್ ಜೋಡಿಸುವಾಗ ಫೈರ್‌ವಾಲ್ (ಎಂಜಿನ್ ಕೂರಿಸುವ ಹಲಗೆ) ಮತ್ತು ಗೇರ್ ಬುಡಕ್ಕೆ ಎಪಾಕ್ಸಿ ಅಂಟು ಬಳಿಯಬೇಕು ಅನ್ನುವುದು ಈ ಹವ್ಯಾಸದಲ್ಲಿ ಎಲ್ಲರೂ ಹೇಳುವ ಮಾತು. ಫೈರ್‌ವಾಲಿಗೆ ಬಳಿದಿದ್ದೆವು. ಗೇರ್ ಬುಡಕ್ಕೆ ಬಳಿದಿರಲಿಲ್ಲ.

ಎಂಜಿನ್ ಯಾಕೆ ನಿಂತಿತು

ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಪ್ರಕರಣದ ತಿರುವು. ಮುರಿದದ್ದನ್ನು ಅಂಟಿಸಿ ಇನ್ನೊಂದು ಪ್ಲಗ್ ಹಾಕಿ ಮತ್ತೆ ಹಾರಿಸಲು ಸ ಅವರು ಸಿದ್ಧರಿದ್ದರು. ಒಂದು ವಾರ ತಡೆಯಿರಿ ಅಂತ ನಾನೇ ಕೇಳಿಕೊಂಡೆ.

ಅದೇ ಎಂಜಿನ್, ಅದೇ ಇಂಧನ, ಇಂಧನದ ಹರಿವು ಹೊಂದಿಸುವ ಸೂಜಿಯೂ ಹೆಚ್ಚುಕಮ್ಮಿ ಅಷ್ಟೇ ತೆರೆದಿತ್ತು. ಬದಲಾಗಿದ್ದು ಒಂದೇ, ಹಳೆಯ ವಿಮಾನದಲ್ಲಿ ಎಂಜಿನ್ ನೆಟ್ಟಗಿತ್ತು, ಇಲ್ಲಿ ಕೌಲಿಂಗಿನೊಳಗೆ ಅಡಗಿಸಲು ತಲೆಕೆಳಗಾಗಿ ಕೂರಿಸಿದ್ದೆವು. ತಲೆಕೆಳಗಾದಾಗ ಕಾರ್ಬ್ಯುರೇಟರ್ ಕೆಳಗೆ ಹೋಯಿತು. ಟ್ಯಾಂಕ್ ಮಾತ್ರ ಇದ್ದಲ್ಲೇ ಇತ್ತು. ಅಳತೆಪಟ್ಟಿ ಹಿಡಿದು ನೋಡಿದರೆ ಟ್ಯಾಂಕಿನ ಮಧ್ಯಗೆರೆ ಕಾರ್ಬ್ಯುರೇಟರಿನ ಸೂಜಿಗಿಂತ 18 ಮಿಲಿಮೀಟರ್ ಮೇಲಿತ್ತು. ಅದು ಸೂಜಿಯ ಮಟ್ಟದಲ್ಲಿರಬೇಕು, ಇಲ್ಲವೇ ಒಂದಿಷ್ಟು ಕೆಳಗೆ.

ನೆಲದ ಮೇಲೆ ವಿಮಾನ ಬಾಲದ ಮೇಲೆ ಕೂತಿರುತ್ತದೆ, ಮೂಗು ಎತ್ತರದಲ್ಲಿರುತ್ತದೆ. ಆಗ ಹಿಂದಿನ ಟ್ಯಾಂಕ್ ತಾನಾಗಿಯೇ ಸ್ವಲ್ಪ ಕೆಳಗಾಗಿ ಐಡಲ್ ಸರಿಯಾಗಿರುತ್ತದೆ. ಇಳಿಯಲು ಮೂಗು ತಗ್ಗಿಸಿದಾಗ ಟ್ಯಾಂಕ್ ಇನ್ನಷ್ಟು ಮೇಲೇರುತ್ತದೆ. ಥ್ರಾಟಲ್ ಕಡಿಮೆ, ಗಾಳಿ ಕಡಿಮೆ, ಇಂಧನ ಮಾತ್ರ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಅದರ ಮೇಲೆ ಗ್ಲೋ ಪ್ಲಗ್ ಸಿಲಿಂಡರಿನ ಅತಿ ಕೆಳಗಿನ ಜಾಗದಲ್ಲಿದೆ. ಹೆಚ್ಚಾದ ಇಂಧನ, ಎಣ್ಣೆ ಎಲ್ಲ ಅಲ್ಲಿಗೇ ಇಳಿದು ಪ್ಲಗ್ಗನ್ನು ತಣ್ಣಗೆ ಮಾಡುತ್ತದೆ. ಹೀಗಾಗಿ ಎಂಜಿನ್ ಹೆಚ್ಚು ಬೇಕಾದ ಆ ಒಂದು ಹೊತ್ತಿನಲ್ಲೇ, ಅಂದರೆ ಇಳಿಯುವಾಗ, ನಿಲ್ಲುತ್ತದೆ. ನೆಲದ ಮೇಲೆ ಎಷ್ಟು ಪರೀಕ್ಷೆ ಮಾಡಿದರೂ ಈ ದೋಷ ಕಾಣುವುದಿಲ್ಲ. ಯಾರಾದರೂ ವಿಮಾನ ಹಿಡಿದು ಮೂಗು ತಗ್ಗಿಸಿ ಐಡಲ್‌ನಲ್ಲಿ ಅರ್ಧ ನಿಮಿಷ ಬಿಟ್ಟರೆ ಮಾತ್ರ ಕಾಣುತ್ತದೆ. ಈಗ ಪ್ರತಿ ಹೊಸ ಗ್ಲೋ ವಿಮಾನಕ್ಕೂ ನಾವು ಆ ಪರೀಕ್ಷೆ ಮಾಡುತ್ತೇವೆ.

ಎರಡನೇ ಆಯ್ಕೆ

ಟ್ಯಾಂಕ್ ಕೆಳಗಿಳಿಸಲು ಜಾಗವಿರಲಿಲ್ಲ, ಅದರ ಕೆಳಗೇ ಗೇರ್ ಬುಡ. ಎಂಜಿನ್ ಪಕ್ಕಕ್ಕೆ ಮಲಗಿಸಿದರೆ ಕೌಲಿಂಗಿನ ಒಂದು ಕೆನ್ನೆ ಕತ್ತರಿಸಬೇಕು. ವಿಮಾನದಲ್ಲೇ ಪ್ಲಗ್ ಬಿಸಿ ಮಾಡುವ ಬ್ಯಾಟರಿ ಇಟ್ಟರೆ ಐಡಲ್ ಸುಧಾರಿಸುತ್ತದೆ, ಆದರೆ ಸೀಸ ಹಾಗೇ ಇರುತ್ತದೆ, ಪ್ರೊಪೆಲ್ಲರೂ ಅದೇ. ಫೋರ್ ಸ್ಟ್ರೋಕ್ ಗ್ಲೋ ನನಗೆ ತುಂಬ ಇಷ್ಟ. ಆ ಗಂಭೀರ ದನಿ ಬೈಪ್ಲೇನಿಗೆ ಒಪ್ಪುತ್ತದೆ, ದೊಡ್ಡ ಪ್ರೊಪೆಲ್ಲರನ್ನೂ ತಿರುಗಿಸುತ್ತದೆ. ಆದರೂ ಟ್ಯಾಂಕಿನ ಎತ್ತರದ ಚಿಂತೆ ಪೂರ್ತಿ ಹೋಗುವುದಿಲ್ಲ. ವಿದ್ಯುತ್ ಮೋಟಾರ್ ಹಾಕಿದರೆ ಇಳಿಯುವಾಗ ನಿಲ್ಲುವ ಭಯವೇ ಇಲ್ಲ, ಬ್ಯಾಟರಿಯ ತೂಕ ಮೂಗಿಗೆ ಸಿಗುತ್ತದೆ. ಈ ವಿಮಾನದಲ್ಲಿ ಬ್ಯಾಟರಿ ಬದಲಿಸಲು ಮುಚ್ಚಳವಿರಲಿಲ್ಲ. ಪ್ರತಿ ಹಾರಾಟಕ್ಕೂ ರೆಕ್ಕೆ ಬಿಚ್ಚುವುದು ಆಗದ ಮಾತು.

ಉಳಿದದ್ದು 20 ಸಿಸಿ ಪೆಟ್ರೋಲ್. ಅದರ ಕಾರ್ಬ್ಯುರೇಟರಿನೊಳಗೇ ಪುಟ್ಟ ಡಯಾಫ್ರಂ ಪಂಪ್ ಇರುತ್ತದೆ. ಇಂಧನವನ್ನು ತಾನೇ ಎಳೆದು ಅಳೆದು ಕೊಡುತ್ತದೆ, ಹಾಗಾಗಿ ಟ್ಯಾಂಕ್ ಒಂದಿಷ್ಟು ಮೇಲಿದ್ದರೂ ಕೆಳಗಿದ್ದರೂ ಅದಕ್ಕೆ ಚಿಂತೆಯಿಲ್ಲ. ಪ್ಲಗ್‌ಗೆ ಕಿಡಿ ಇಗ್ನಿಷನ್‌ನಿಂದ ಬರುತ್ತದೆ, ತಣ್ಣಗಾಗಿ ಆರುವ ಮಾತಿಲ್ಲ. ತಲೆಕೆಳಗಾಗಿ ಕೂರಿಸಿದರೂ ಆರಾಮಾಗಿ ಓಡುತ್ತದೆ. 16 ಇಂಚು ವ್ಯಾಸ, 8 ಇಂಚು ಪಿಚ್‌ನ ಪ್ರೊಪೆಲ್ಲರ್ ತಿರುಗಿಸುತ್ತದೆ.

ತೂಕದ ಲೆಕ್ಕ ನೋಡಿ. ಹಳೆಯ ಎಂಜಿನ್ ಮಫ್ಲರ್ ಸೇರಿ 700 ಗ್ರಾಂ, ಹೊಸದು 980. ಇಗ್ನಿಷನ್ ಡಬ್ಬಿ 120, ಅದನ್ನು ಎಂಜಿನ್ ಪೆಟ್ಟಿಗೆಯ ಮೇಲೆ ಕಟ್ಟಿದೆವು. ಇಗ್ನಿಷನ್ ಬ್ಯಾಟರಿ 80, ಅದನ್ನು ಸಿಜಿಯ ಹತ್ತಿರವೇ ಇಟ್ಟೆವು. ಮತ್ತೆ ಬೆರಳ ತುದಿಯಲ್ಲಿ ಎತ್ತಿದಾಗ ವಿಮಾನ ಮಟ್ಟವಾಗಿ ನಿಂತಿತು. ಒಂದು ಗ್ರಾಂ ಸೀಸವೂ ಬೇಕಾಗಲಿಲ್ಲ. ಒಟ್ಟು ತೂಕ 4.58 ಕಿಲೋ, ಸೀಸ ಹೊತ್ತಿದ್ದಾಗಿನ 4.43ಕ್ಕಿಂತ 150 ಗ್ರಾಂ ಮಾತ್ರ ಜಾಸ್ತಿ. ಮೊದಲು ಸುಮ್ನೆ ಹೊತ್ತು ತಿರುಗುತ್ತಿದ್ದ ತೂಕವೇ ಈಗ ಎಳೆಯುವ ಶಕ್ತಿಯಾಗಿ ಕೂತಿತ್ತು.

ಪೆಟ್ರೋಲಿಗೆ ಬದಲಾಯಿಸುವಾಗ ಚಿಕ್ಕ ಕೆಲಸಗಳು ಹಲವು. ಗ್ಲೋ ಇಂಧನದ ಸಿಲಿಕೋನ್ ಕೊಳವೆ ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಕೊಳವೆ ಮತ್ತು ಟ್ಯಾಂಕಿನ ಬಿರಡೆ ಎರಡನ್ನೂ ಪೆಟ್ರೋಲ್ ತಡೆಯುವಂಥವಕ್ಕೆ ಬದಲಿಸಿದೆವು. ರಿಸೀವರನ್ನು ಇಗ್ನಿಷನ್‌ನಿಂದ 30 ಸೆಂಟಿಮೀಟರ್ ದೂರ ಒಯ್ದೆವು. ಥ್ರಾಟಲ್ ಕಡ್ಡಿ ಲೋಹದ್ದಿತ್ತು, ನೈಲಾನ್ ಹಾಕಿದೆವು. ಟ್ರಾನ್ಸ್‌ಮಿಟರಿನಿಂದಲೇ ಕಿಡಿ ನಿಲ್ಲಿಸುವ ಸ್ವಿಚ್ ಕೂರಿಸಿದೆವು. ದಯವಿಟ್ಟು ಇದೊಂದನ್ನು ಯಾರೂ ಬಿಡಬೇಡಿ. 16 ಇಂಚಿನ ಪ್ರೊಪೆಲ್ಲರ್ ಕೈಬೆರಳನ್ನು ಕ್ಷಮಿಸುವುದಿಲ್ಲ. ಸಿಲಿಂಡರನ್ನು ಸುತ್ತುವರಿದು ಕೌಲಿಂಗಿನೊಳಗೇ ಕೂತು, ಕೆಳಗೆ ಎರಡು ಕೊಳವೆ ಬಿಡುವ ಮಫ್ಲರ್ ಹಾಕಿದೆವು. ಇಂಥ ಮೂಗಿಗೆಂದೇ ಬಂದ ಬಗೆ ಅದು, ಹವ್ಯಾಸಿಗಳು ಅದನ್ನು ಪಿಟ್ಸ್ ಮಫ್ಲರ್ ಎಂದೇ ಕರೆಯುತ್ತಾರೆ.

ಗೇರ್ ಬುಡಕ್ಕೆ ಹೊಸ ಪ್ಲೈವುಡ್ ಹಾಕಿ, ಮೂಲೆಗಳಿಗೆ ತ್ರಿಕೋನ ಕಡ್ಡಿ ಕೊಟ್ಟು, ಎಪಾಕ್ಸಿ ಬಳಿದೆವು. ಈ ಸಲ ಎಲ್ಲ ಅಂಚಿಗೂ.

ಮತ್ತೊಂದು ಅಡ್ಡಿ, ನಂತರ ದಾರಿ

ಮೊದಲೆರಡು ಪೆಟ್ರೋಲ್ ಹಾರಾಟದಲ್ಲಿ ಸ ಅವರ ಮುಖ ನೋಡಬೇಕಿತ್ತು. ನೇರ ಏರಿಕೆ ಏರುತ್ತಲೇ ಹೋಯಿತು. ಮೂರನೆಯದರಲ್ಲಿ ಆರು ನಿಮಿಷವಾದ ಮೇಲೆ ಎಂಜಿನ್ ಸೊರಗತೊಡಗಿತು. ಇಳಿಸಿ ನೋಡಿದರೆ ಕೌಲಿಂಗಿನೊಳಗೆ ಕೈ ಹಾಕಲಾಗದಷ್ಟು ಬಿಸಿ. ಅಷ್ಟು ಅಗಲದ ಬಾಯಿ ಇದ್ದೂ ಬಿಸಿಯಾಗುವುದು ವಿಚಿತ್ರ ಅನ್ನಿಸುತ್ತದೆ. ಗಾಳಿ ಒಳಗೆ ಬರುತ್ತಿತ್ತು, ಆದರೆ ಸಿಲಿಂಡರಿಗೆ ತಾಗದೆ ಪಕ್ಕದಿಂದಲೇ ಹೋಗಿಬಿಡುತ್ತಿತ್ತು. ಹೊರಹೋಗುವ ಕಿಂಡಿಯೂ ಚಿಕ್ಕದು. ತೆಳು ಪ್ಲೈವುಡ್ ಬಿಲ್ಲೆ ಕತ್ತರಿಸಿ, ಕಪ್ಪು ಬಣ್ಣ ಹೊಡೆದು, ಬಾಯಿಯ ಮೂರರಲ್ಲಿ ಎರಡು ಪಾಲು ಮುಚ್ಚಿದೆವು. ಸಿಲಿಂಡರಿನ ನೇರಕ್ಕೆ ಮಾತ್ರ ತೆರೆದಿಟ್ಟೆವು. ಕೆಳಗಿನ ಕಿಂಡಿಯನ್ನು ಒಳಬರುವ ಜಾಗದ ಎರಡು ಪಟ್ಟಿಗಿಂತ ಜಾಸ್ತಿ ಮಾಡಿದೆವು. ಬಾಯಿ ಮುಚ್ಚಿದ ಮೇಲೆ ಎಂಜಿನ್ ತಣ್ಣಗಾಯಿತು.

ಇಳಿಸುವುದನ್ನು ಬೇರೆಯಾಗಿಯೇ ಕಲಿಯಬೇಕಾಯಿತು. ಎತ್ತರದಲ್ಲಿ ಥ್ರಾಟಲ್ ಪೂರ್ತಿ ತೆಗೆದು, ವಿಮಾನ ಎಷ್ಟು ಬೇಗ ಕುಸಿಯುತ್ತದೆ ಅಂತ ನೋಡಿದರು. ಆಮೇಲೆ ರನ್‌ವೇ ಮೇಲೆ ಚಕ್ರ ಮುಟ್ಟಿಸದೆ ಮೂವತ್ತು ಸಲ ಹಾದುಹೋದರು. ಥ್ರಾಟಲ್ ಮೂರನೇ ಒಂದು ಪಾಲು ಇಟ್ಟುಕೊಂಡೇ ಬರಬೇಕು, ಚಕ್ರ ನೆಲಕ್ಕೆ ತಾಗಿದ ಮೇಲೇ ತೆಗೆಯಬೇಕು. ಇದು ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಬೆರಳಿಗೆ ಅಭ್ಯಾಸವಾಗಬೇಕು.

ಆ ಋತುವಿನಲ್ಲಿ ವಿಮಾನ ನಲವತ್ತಕ್ಕೂ ಹೆಚ್ಚು ಸಲ ಹಾರಿತು. ಇಳಿಯುವಾಗ ಎಂಜಿನ್ ನಿಂತದ್ದು ಒಂದೇ ಸಲ, ಇಂಧನ ಮುಗಿದು. ಆಗ ಅವರು ಕೂಡಲೇ ಮೂಗು ತಗ್ಗಿಸಿದರು, ರನ್‌ವೇಗೆ ಹತ್ತು ಮೀಟರ್ ಮೊದಲೇ ಹುಲ್ಲಿನ ಮೇಲೆ ಕೂರಿಸಿದರು. ಏನೂ ಮುರಿಯಲಿಲ್ಲ.

ಇನ್ನೊಂದು ತೊಂದರೆಯನ್ನು ನಾವು ಮೊದಲೇ ಯೋಚಿಸಿರಲಿಲ್ಲ, ಅದು ಮೈದಾನದಲ್ಲಿ ಜೋಡಿಸುವ ಸಮಯ. ಎರಡು ರೆಕ್ಕೆ, ನಾಲ್ಕು ಕಂಬಿ ತುದಿ, ಹದಿನಾರು ಸ್ಕ್ರೂ, ಮೂವತ್ತೈದು ನಿಮಿಷ. ಒಂದು ಸ್ಕ್ರೂ ಹುಲ್ಲಿಗೆ ಬಿದ್ದರೆ ಆ ದಿನ ಅರ್ಧ ಹೋದಂತೆ. ಬೇಸರವಾಗಿ ಸ ಅವರು ಕೆಲವು ವಾರ ಪಿಟ್ಸ್ ಬಿಟ್ಟು ಹಳೆಯ ವಿಮಾನವನ್ನೇ ತಂದರು. ಕೊನೆಗೆ ಕಂಬಿಯ ಸ್ಕ್ರೂಗಳ ಜಾಗಕ್ಕೆ ದಾರ ಕಟ್ಟಿದ ಪಿನ್ ಹಾಕಿದರು, ಈಗ ಹದಿನೈದು ನಿಮಿಷದಲ್ಲಿ ಆಗುತ್ತದೆ.

ಈಗ ಯಾರಾದರೂ ಬೈಪ್ಲೇನ್ ಕೊಳ್ಳಲು ಸಲಹೆ ಕೇಳಿದರೆ, ನಿಮ್ಮ ಹತ್ತಿರ ಯಾವ ಎಂಜಿನ್ ಇದೆ ಅಂತ ನಾನು ಕೇಳುವುದಿಲ್ಲ. ಕೌಲಿಂಗ್ ಎಷ್ಟು ಅಗಲ, ಅದಕ್ಕೆ ಎಷ್ಟು ಇಂಚಿನ ಪ್ರೊಪೆಲ್ಲರ್ ಬೇಕು, ಚಕ್ರದ ಎತ್ತರಕ್ಕೆ ಅದು ನೆಲ ತಾಗದೆ ತಿರುಗುತ್ತದೆಯೇ, ಆ ಪ್ರೊಪೆಲ್ಲರ್ ತಿರುಗಿಸುವ ಎಂಜಿನ್ ಎಷ್ಟು ಭಾರ, ಆ ಭಾರ ಮೂಗಿಗೆ ಸಾಕೇ ಅಂತ ಕೇಳುತ್ತೇನೆ. ಕೈಪಿಡಿಯ ಪಟ್ಟಿಯಲ್ಲಿ ಮೂರು ಎಂಜಿನ್ ಇದ್ದರೆ ಮೂರೂ ಒಂದೇ ಅಂತಲ್ಲ. ಅತಿ ಹಗುರದ್ದನ್ನು ಆರಿಸಿದವರು ವ್ಯತ್ಯಾಸವನ್ನು ಸೀಸದಲ್ಲಿ ತುಂಬಬೇಕಾಗಬಹುದು.

ಪಿಟ್ಸ್ ಇನ್ನೂ ಪೂರ್ತಿ ಪಳಗಿಲ್ಲ. ರೆಕ್ಕೆ ನೆಟ್ಟಗೆ ನಿಲ್ಲಿಸಿ ಹಾರುವ ನೈಫ್ ಎಡ್ಜ್ ಹಾರಾಟದಲ್ಲಿ ರಡ್ಡರ್ ಒತ್ತಿದರೆ ಮೂಗು ಚಕ್ರದ ಕಡೆಗೆ ಎಳೆಯುತ್ತದೆ. ಅದಕ್ಕೆ ಟ್ರಾನ್ಸ್‌ಮಿಟರಿನಲ್ಲಿ ರಡ್ಡರಿನ ಜೊತೆ ಸ್ವಲ್ಪ ಎಲಿವೇಟರ್ ಬೆರೆಸಿದ್ದೇವೆ. ತಟ್ಟನೆ ಸುತ್ತುವ ಸ್ನ್ಯಾಪ್ ರೋಲ್ ಇನ್ನೂ ಚುರುಕಾಗಲಿ ಅಂತ ಸ ಅವರು ಸಿಜಿಯನ್ನು ಸ್ವಲ್ಪ ಹಿಂದಕ್ಕೆ ತರಲು ನೋಡುತ್ತಿದ್ದಾರೆ. ಇಗ್ನಿಷನ್ ಬ್ಯಾಟರಿಯನ್ನು ಎರಡೆರಡು ಸೆಂಟಿಮೀಟರ್ ಹಿಂದೆ ಸರಿಸಿ, ಪ್ರತಿ ಸಲವೂ ಎತ್ತರದಲ್ಲಿ ಸ್ಟಾಲ್ ಮಾಡಿ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವಷ್ಟು ನಿಧಾನ ಮಾಡಿ) ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ. ಸದ್ಯ ಮೂರನೇ ಗುರುತಿನಲ್ಲಿದ್ದೇವೆ.